ಇಪ್ಪತ್ತೈದಕ್ಕ ಡಬ್ಬಿ ತೊಳೆಯುವ ಹೊತ್ತು

ಎಣಿಸುವಾಗ ಅವಳನ್ನು ಮಾತಾಡಿಸಬಾರದು. ಕಟ್ಟಡದ ಕೆಲಸದವರಿಗೆಲ್ಲ ಇದು ಗೊತ್ತು. ಮಾತಾಡಿಸಿದರೆ ಅವಳು ಬೈಯುವುದಿಲ್ಲ, ತಲೆಯನ್ನೂ ಎತ್ತುವುದಿಲ್ಲ. ಡಬ್ಬಿಯಲ್ಲಿ ಅಷ್ಟು ಹೊತ್ತು ತುಂಬಿದ್ದನ್ನು ನೆಲಕ್ಕೆ ಸುರಿದು ಮತ್ತೆ ಒಂದರಿಂದ ಶುರು ಮಾಡುತ್ತಾಳೆ. ಒಮ್ಮೆ ಒಂದು ಕಟ್ಟಡದ ಮಾಲೀಕನೇ ಹಿಂದೆ ಬಂದು ನಿಂತು, "ಇನ್ನೂ ಎಷ್ಟು ಹೊತ್ತಮ್ಮಾ?" ಎಂದು ಕೇಳಿದ. ಅವಳ ಎಣಿಕೆ ಆಗ ಹದಿನೇಳಕ್ಕೆ ಬಂದಿತ್ತು. ಎಲ್ಲವನ್ನೂ ಸುರಿದು, "ನೀವು ಕೇಳದೇ ಇದ್ದಿದ್ರೆ ಎರಡು ನಿಮಿಷ ಸಾರ್. ಈಗ ಹತ್ತು," ಎಂದಳು. ಇಪ್ಪತ್ತೈದಕ್ಕ ಎಂಬ ಹೆಸರು ಬಿದ್ದದ್ದು ಆವತ್ತಿನಿಂದ.

ಇಪ್ಪತ್ತೈದು ಯಾಕೆಂದರೆ, ಪದರಕ್ಕೆ ಇಪ್ಪತ್ತೈದು ಕುಟ್ಟು. ಅವಳ ಕೆಲಸ ಹಸಿ ಕಾಂಕ್ರೀಟಿನ ಪರೀಕ್ಷೆ. ಡಬ್ಬಿ ಅಂದರೆ ತಳವೂ ಇಲ್ಲದ, ಮುಚ್ಚಳವೂ ಇಲ್ಲದ ಕಬ್ಬಿಣದ ಶಂಕು. ಒಂದಡಿ ಎತ್ತರ, ಕೆಳಗೆ ಅಗಲ, ಮೇಲೆ ಕಿರಿದು. ಅದನ್ನು ಒದ್ದೆ ಮಾಡಿದ ತಗಡಿನ ಮೇಲೆ ನಿಲ್ಲಿಸಿ, ಎರಡು ಬದಿಯ ಕಿವಿಗಳ ಮೇಲೆ ಪಾದ ಊರಿ, ಲಾರಿಯಿಂದ ಇಳಿದ ಕಾಂಕ್ರೀಟನ್ನು ಮೂರು ಪದರವಾಗಿ ತುಂಬಬೇಕು. ಪ್ರತಿ ಪದರವನ್ನೂ ಸರಳಿನಿಂದ ಇಪ್ಪತ್ತೈದು ಸಲ ಕುಟ್ಟಬೇಕು. ಮೇಲೆ ಸವರಿ, ಡಬ್ಬಿಯನ್ನು ಅಲುಗಿಸದೆ ನೇರವಾಗಿ ಎತ್ತಿದರೆ ಒಳಗಿದ್ದದ್ದು ತನ್ನ ಭಾರಕ್ಕೆ ತಾನೇ ಕುಸಿಯುತ್ತದೆ. ಎಷ್ಟು ಮಿಲಿಮೀಟರು ಕುಸಿಯಿತು ಎಂದು ಅಳತೆಪಟ್ಟಿ ಇಟ್ಟು ನೋಡುವುದು; ನೂರರ ಆಸುಪಾಸಿದ್ದರೆ ಪಾಸು. ತೀರ ಕಡಿಮೆ ಕುಸಿದರೆ ಕಾಂಕ್ರೀಟು ಕಂಬಿಗಳ ಸಂದಿಗೆ ಇಳಿಯದೆ ಟೊಳ್ಳು ಬಿಡುತ್ತದೆ. ತೀರ ಜಾಸ್ತಿ ಕುಸಿದರೆ ನೀರು ಹೆಚ್ಚಾಗಿದೆ ಎಂದೇ ಲೆಕ್ಕ. ನೀರು ಹೆಚ್ಚಾದ ಕಾಂಕ್ರೀಟು ಸೊಗಸಾಗಿ ಹರಿಯುತ್ತದೆ, ಹೊರಗೆ ನುಣ್ಣಗೆ ಕಾಣುತ್ತದೆ, ಒಳಗೆ ಮಾತ್ರ ಜೀವವೇ ಇರುವುದಿಲ್ಲ.

ಈ ಕೆಲಸಕ್ಕೆ ಅವಳನ್ನು ಯಾರೂ ಕರೆದು ಕೂರಿಸಲಿಲ್ಲ. ಹತ್ತನೇ ತರಗತಿ ಮುಗಿಸಿ, ಮನೆಯ ಕಷ್ಟಕ್ಕೆ ಕಟ್ಟಡಗಳಲ್ಲಿ ಜಲ್ಲಿ ಹೊತ್ತವಳು. ಆಮೇಲೆ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕಸ ಗುಡಿಸುವ ಕೆಲಸ ಸಿಕ್ಕಿತು. ಅಲ್ಲಿದ್ದ ಹಿರಿಯನೊಬ್ಬ ಸೊಂಟ ಹಿಡಿದುಕೊಂಡು ಎರಡು ವಾರ ಮಲಗಿದಾಗ, ಬದಲಿಗೆ ಹೋಗಲು ಬೇರೆ ಯಾರೂ ಇರಲಿಲ್ಲ. ಅವನು ಹೇಳಿ ಕಳಿಸಿದ್ದು ಎರಡೇ ಮಾತು: ಎಣಿಕೆ ತಪ್ಪಿಸಬೇಡ, ಡಬ್ಬಿಯನ್ನು ಆಗಿಂದಾಗಲೇ ತೊಳಿ. ಅಂಟಿದ್ದು ಒಣಗಿದರೆ ಮುಂದಿನ ಅಳತೆಯೆಲ್ಲ ಕೆಡುತ್ತದೆ. ಆ ಎರಡು ಮಾತನ್ನು ಅವಳು ಹನ್ನೊಂದು ವರ್ಷ ಚಾಚೂ ತಪ್ಪದೆ ಪಾಲಿಸಿದಳು. ಅಳೆದು, ಪುಸ್ತಕದಲ್ಲಿ ಬರೆದು, ಸಹಿ ಹಾಕಿ, ಕೂಡಲೇ ಡಬ್ಬಿ, ಸರಳು, ತಗಡು ಮೂರನ್ನೂ ಎತ್ತಿಕೊಂಡು ನಲ್ಲಿಯ ಕಡೆಗೆ ನಡೆಯುವಳು. ಎಲ್ಲ ಕಟ್ಟಡಗಳಲ್ಲೂ ನಲ್ಲಿ ಸಿಮೆಂಟಿನ ಶೆಡ್ಡಿನ ಹಿಂದೆ ಇರುತ್ತದೆ. ತೊಳೆದು, ಉಜ್ಜಿ, ಒರೆಸಿ ಬರಲು ಅವಳಿಗೆ ಆರೇಳು ನಿಮಿಷ ಬೇಕು. ಈ ಆರೇಳು ನಿಮಿಷವನ್ನು ನೆನಪಿಟ್ಟುಕೊಳ್ಳಿ. ಮುಂದೆ ಹೇಳುವುದನ್ನು ಕೇಳಿದರೆ ನಿಮಗೂ ಮೈ ಉರಿಯುತ್ತದೆ.

ಮದುವೆಯೂ ಆದದ್ದು ಈ ಡಬ್ಬಿಯಿಂದಲೇ. ಕಾಂಕ್ರೀಟು ಕಲಸುತ್ತಾ ತರುವ ಆ ದೊಡ್ಡ ಹೊಟ್ಟೆಯ ಲಾರಿಯ ಡ್ರೈವರ್ ಒಬ್ಬ ಬಂದ; ಅವಳು ಅಳೆದು, ನೂರೆಂಬತ್ತು ಬಂತೆಂದು ಲೋಡನ್ನೇ ವಾಪಸ್ ಕಳಿಸಿದಳು. ಮಾರನೆಯ ದಿನ ಅವನೇ ಸರಿಯಾದ ಲೋಡು ತಂದು, ಅಳೆದು ಮುಗಿಯುವ ತನಕ ಕೈಕಟ್ಟಿ ನಿಂತಿದ್ದು, "ಇವತ್ತಾದ್ರೂ ನಾನು ಪಾಸಾ?" ಎಂದು ಕೇಳಿದ. ಆರು ತಿಂಗಳಲ್ಲಿ ಮದುವೆ, ಆಮೇಲೆ ಒಬ್ಬಳು ಮಗಳು. ಒಂಬತ್ತು ವರ್ಷದಿಂದ ಅವನು ಸಿಕ್ಕಸಿಕ್ಕವರ ಮುಂದೆ ಇದನ್ನೇ ಹೇಳಿಕೊಂಡು ಮೆರೆಯುತ್ತಿದ್ದ. "ನನ್ನ ಲೋಡನ್ನೇ ತಿರುಗಿಸಿ ಕಳಿಸಿದವಳು ಕಣ್ರೀ. ಮನೇಲಿ ನನ್ನ ಪಾಡು ಏನಿರಬೇಕು ಹೇಳಿ." ಅವನ ತಾಯಿ ಕೂಡ ಒಲೆಯ ಮುಂದೆ ಕೂತು ನಗುತ್ತಿದ್ದರು. ಅತ್ತೆ ಸೊಸೆಯರಿಗೆ ಚೆನ್ನಾಗಿಯೇ ಹೊಂದಿಕೆಯಾಗಿತ್ತು. ಇಬ್ಬರಿಗೂ ಉಪ್ಪು ಅಳೆದು ಹಾಕುವ ಚಟ.

ಈಗ ಕಟ್ಟುತ್ತಿದ್ದದ್ದು ಐದು ಮಹಡಿಯ ಹೆರಿಗೆ ಆಸ್ಪತ್ರೆ. ಕೆಳಗಿನ ಕಂಬಗಳು ಒಟ್ಟು ಇಪ್ಪತ್ತೆಂಟು. ಅದರಲ್ಲಿ ಇಪ್ಪತ್ತನಾಲ್ಕು ಆಗಿದ್ದವು: ಆರಾರು ಕಂಬಕ್ಕೆ ಒಂದೊಂದು ಲೋಡು, ನಾಲ್ಕೂ ಲೋಡು ಗಂಡನ ಗಾಡಿಯಲ್ಲೇ. ಪುಸ್ತಕದಲ್ಲಿ ಕಂಬಕ್ಕೊಂದು ಸಾಲು, ಸಾಲಿಗೊಂದು ಅವಳ ಸಹಿ. ಉಳಿದ ನಾಲ್ಕು, ಮೆಟ್ಟಿಲ ಪಕ್ಕದವು, ಆವತ್ತು ಮುಗಿದರೆ ಮುಂದಿನ ವಾರ ಅವುಗಳ ಮೇಲೆ ಚಾವಣಿ. ಚಾವಣಿ ಬಿದ್ದ ಮೇಲೆ ಕೆಳಗಿನ ಕಂಬದ ಯೋಗಕ್ಷೇಮ ಕೇಳುವವರು ಯಾರೂ ಇರುವುದಿಲ್ಲ.

ಆ ನಾಲ್ಕು ಕಂಬಕ್ಕೆ ಗಂಡ ಗಾಡಿ ತಂದ. ಅವಳು ಮೊದಲು ಇಳಿದ ಒಂದು ತಳ್ಳುಗಾಡಿಯಷ್ಟನ್ನು ಬಿಟ್ಟು, ಆಮೇಲಿನದರಲ್ಲಿ ತೆಗೆದುಕೊಂಡು, ಕುಟ್ಟಿ, ಎತ್ತಿ, ಅಳೆದಳು. ನೂರಹತ್ತು. ಅದರಲ್ಲೇ ಗಟ್ಟಿತನದ ಪರೀಕ್ಷೆಗೆ ಬೇಕಾದ ಆರು ಇಟ್ಟಿಗೆಯಂಥ ಕ್ಯೂಬುಗಳನ್ನೂ ತುಂಬಿಟ್ಟಳು. "ಪಾಸು," ಎಂದಳು. ಗಂಡ ಎಂದಿನಂತೆ ಸಲಾಮು ಹೊಡೆದ. ಅವಳು ನಕ್ಕು ಡಬ್ಬಿ ಎತ್ತಿಕೊಂಡು ಶೆಡ್ಡಿನ ಹಿಂದಕ್ಕೆ ಹೋದಳು.

ನಲ್ಲಿಯಲ್ಲಿ ನೀರಿರಲಿಲ್ಲ. ತಿರುಗಿಸಿದಳು, ಗೊರಗೊರ ಎಂದು ಗಾಳಿ ಬಂತು, ಅಷ್ಟೇ. ಲಾರಿಯ ಟ್ಯಾಂಕಿನಲ್ಲಿ ನೀರಿರುತ್ತದೆ, ಅದರಲ್ಲೇ ತೊಳೆದರಾಯಿತು ಎಂದುಕೊಂಡು ಕೂಡಲೇ ತಿರುಗಿ ಬಂದಳು.

ಬಂದು ನೋಡಿದರೆ, ಗಂಡ ಲಾರಿಯ ಹಿಂದಿನ ಏಣಿಯ ಮೇಲೆ ನಿಂತಿದ್ದಾನೆ. ಟ್ಯಾಂಕಿನ ಪೈಪನ್ನು ತಿರುಗುತ್ತಿದ್ದ ಡ್ರಮ್ಮಿನ ಬಾಯೊಳಗೆ ಇಳಿಬಿಟ್ಟಿದ್ದಾನೆ. ಕೆಳಗೆ ಮೇಸ್ತ್ರಿ, ಕೂಲಿಯವರ ಮೇಲೆಲ್ಲ ಜೋರು ಮಾಡುವ ಆ ದಪ್ಪ ಮೀಸೆಯ ಮನುಷ್ಯ, ಸಾಕಾದಾಗ ಕೈ ತೋರಿಸಲು ಕತ್ತೆತ್ತಿ ನಿಂತಿದ್ದಾನೆ. ನೀರು ಧೋ ಎಂದು ಒಳಗೆ ಬೀಳುತ್ತಿದೆ.

ಅವಳು ಕೈಯಲ್ಲಿದ್ದ ಡಬ್ಬಿಯನ್ನು ಅಲ್ಲೇ ನೆಲಕ್ಕೆ ಕುಕ್ಕಿದಳು. ಆ ಸದ್ದಿಗೆ ಗಂಡ ತಿರುಗಿದ. ಅವನ ಮುಖ ನೋಡಿದರೆ ಸಾಕಿತ್ತು, ಬೇರೆ ಸಾಕ್ಷಿ ಬೇಕಿರಲಿಲ್ಲ.

"ಏನು ಮಾಡ್ತಿದ್ದೀರಿ?"

"ಗಾಡಿ ತೊಳೀತಿದ್ದೆ," ಎಂದ.

"ಒಳಗಿರೋ ಕಾಂಕ್ರೀಟಿನ ಸಮೇತವಾ?"

ಅವನು ಪೈಪು ಎಳೆದುಕೊಂಡ. ಮಾತಿಗೆ ಬಂದವನು ಮೇಸ್ತ್ರಿ. ಸಿಕ್ಕಿಬಿದ್ದ ಅಳುಕು ಅವನಲ್ಲಿ ಎಳ್ಳಷ್ಟೂ ಇರಲಿಲ್ಲ. ಬದಲಿಗೆ ಅವಳು ಏನೋ ತಮಾಷೆ ಮಾಡುತ್ತಿದ್ದಾಳೆ ಎಂಬಂತೆ ಹಲ್ಲು ಬಿಟ್ಟ. "ಯಾಕಕ್ಕ, ಇವತ್ತು ಇಷ್ಟು ಬೇಗ ಬಂದ್ಬಿಟ್ರಿ?"

"ಬೇಗ ಅಂದ್ರೆ?"

"ಅಲ್ಲ, ಯಾವಾಗ್ಲೂ ನೀವು ಡಬ್ಬಿ ತೊಳೆಯೋಕೆ ಹೋದಾಗ್ಲೇ ಅಲ್ವಾ ನಾವು ಹಾಕೋದು. ಗಟ್ಟಿ ಇದ್ರೆ ಪಂಪು ಕಟ್ಟಿಕೊಳ್ಳುತ್ತೆ, ಹುಡುಗ್ರ ರಟ್ಟೆ ಬಿದ್ದುಹೋಗುತ್ತೆ. ನಿಮಗೂ ಗೊತ್ತಲ್ಲ."

"ನನಗೆ ಗೊತ್ತಾ?"

ಮೇಸ್ತ್ರಿಯ ನಗು ಆಗ ಸ್ವಲ್ಪ ಕುಂದಿತು. "ಗೊತ್ತಿಲ್ವಾ? ಅಯ್ಯೋ, ನಮಗೆ ಟೈಮ್ ಕೊಡೋಕೇ ನೀವು ಆ ಕಡೆ ಹೋಗ್ತೀರಿ ಅಂದ್ಕೊಂಡಿದ್ವಿ ಅಕ್ಕಾ. ಎಷ್ಟು ಸೂಕ್ಷ್ಮ ತಿಳಿದವರು, ಬಾಯಿಬಿಟ್ಟು ಹೇಳೋದೂ ಬೇಡ, ತಾವೇ ಎದ್ದು ಹೋಗ್ತಾರೆ ಅಂತ ಎಲ್ಲರೂ ಹೊಗಳ್ತಿದ್ವಿ. ಈ ಕಟ್ಟಡ ಅಂತಲ್ಲ, ಎಲ್ಲಾ ಕಡೆ."

ಹೊಗಳುತ್ತಿದ್ದರಂತೆ! ಕೇಳಿದಿರಾ? ಹನ್ನೊಂದು ವರ್ಷ ಬೆನ್ನು ಬಗ್ಗಿಸಿ, ಉಗುರಿನ ಸಂದಿಯಲ್ಲಿ ಸಿಮೆಂಟು ತುಂಬಿಸಿಕೊಂಡು, ಒಂದು ಕುಟ್ಟು ಹೆಚ್ಚಿಲ್ಲದೆ ಒಂದು ಕುಟ್ಟು ಕಡಿಮೆಯಿಲ್ಲದೆ ದುಡಿದವಳನ್ನು ಇವರು ಕಳ್ಳರ ಕಾವಲಿಗೆ ನಿಂತವಳು ಎಂದು ತಿಳಿದು ಹೊಗಳಿದ್ದಾರೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಬಯ್ಗುಳ ತಿಂದೇ ಬೆಳೆದವಳು ಅವಳು. ಈ ಹೊಗಳಿಕೆಯನ್ನು ಎಲ್ಲಿಗೆ ತೆಗೆದುಕೊಂಡು ಹೋಗುವುದು? ಅವಳು ನಂಬಿದ ಒಳ್ಳೆಯ ಅಭ್ಯಾಸವೇ ಇವರಿಗೆ ಗಡಿಯಾರವಾಗಿತ್ತು. ಅಕ್ಕ ಡಬ್ಬಿ ಎತ್ತಿದಳು, ಬಿಡು ನೀರು. ಕ್ಯೂಬುಗಳೂ ಎಲ್ಲ ಪಾಸಾಗುತ್ತಿದ್ದವಲ್ಲ, ಯಾಕಾಗುವುದಿಲ್ಲ? ಅವಕ್ಕೆ ತುಂಬಿದ್ದು ನೀರು ಬೀಳುವ ಮುಂಚಿನ ಮಾಲು. ಕಂಬದೊಳಗೆ ಹೋದದ್ದೇ ಬೇರೆ, ಪುಸ್ತಕದೊಳಗೆ ಹೋದದ್ದೇ ಬೇರೆ.

"ಇನ್ನೊಂದ್ಸಲ ಇಳಿಸಿ," ಎಂದಳು.

"ಏ, ಸುಮ್ನಿರು. ಮನೇಲಿ ಮಾತಾಡೋಣ," ಎಂದ ಗಂಡ, ಮೆಲ್ಲಗೆ.

"ಮನೇಲಿ ಕಂಬ ಹಾಕ್ತಿಲ್ಲ. ಇಳಿಸಿ."

ಇಳಿಸಿದ. ತೊಳೆಯದ ಡಬ್ಬಿಯನ್ನು ಅವನದೇ ಟ್ಯಾಂಕಿನ ನೀರಿನಲ್ಲಿ ತೊಳೆದು, ತಗಡಿನ ಮೇಲೆ ನಿಲ್ಲಿಸಿ, ಮೂರು ಪದರ, ಪದರಕ್ಕೆ ಇಪ್ಪತ್ತೈದು, ಎಂದಿಗಿಂತ ಜೋರಾಗಿ ಎಣಿಸಿದಳು. ಹದಿನೈದು ಇಪ್ಪತ್ತು ಜನ ಕೆಲಸ ಬಿಟ್ಟು ಸುತ್ತ ನಿಂತಿದ್ದರು, ಒಬ್ಬನೂ ತುಟಿ ಬಿಚ್ಚಲಿಲ್ಲ. ಡಬ್ಬಿ ಎತ್ತಿದಳು. ಒಳಗಿದ್ದದ್ದು ನಿಲ್ಲಲೇ ಇಲ್ಲ. ಗಂಜಿಯ ಹಾಗೆ ತಗಡಿನ ತುಂಬ ಹರಡಿ ಅಂಚಿನಿಂದ ಅವಳ ಚಪ್ಪಲಿಯ ಮೇಲೆ ಇಳಿಯಿತು. ಇನ್ನೂರಹದಿನೈದು. ಲೋಡು ತಿರಸ್ಕಾರ ಎಂದು ಬರೆದು, ಗಾಡಿಯ ನಂಬರು ಬರೆದು, ಡ್ರೈವರನ ಹೆಸರಿನ ಜಾಗದಲ್ಲಿ ಮಗಳ ಅಪ್ಪನ ಹೆಸರು ಬರೆದಳು. ಅವನು ಗಾಡಿ ತಿರುಗಿಸಿಕೊಂಡು ಹೋದ.

ಸಂಜೆ ಮನೆಗೆ ನಡೆದು ಬರುವಾಗ ಎರಡು ಕಡೆಯೂ ಅವಳು ಅಳೆದ ಕಟ್ಟಡಗಳೇ. ಬ್ಯಾಂಕಿನದು, ಮೂರು ಮಹಡಿಯ ಅಂಗಡಿ ಸಾಲು, ಮಗಳ ಶಾಲೆಯ ಹೊಸ ಕೋಣೆಗಳು. ದಿನಾ ಇವುಗಳ ಮುಂದೆ ಹೋಗುವಾಗ ಅವಳಿಗೆ ಒಳಗೊಳಗೇ ಒಂದು ಹೆಮ್ಮೆಯಿತ್ತು, ಯಾರ ಹತ್ತಿರವೂ ಹೇಳಿಕೊಂಡದ್ದಲ್ಲ. ಆವತ್ತು ತಲೆ ಎತ್ತಿ ನೋಡಲಾಗಲಿಲ್ಲ. ಶಾಲೆಯ ಮುಂದೆ ಮಾತ್ರ ನಿಂತು, ಗೇಟಿನ ಸರಳು ಹಿಡಿದುಕೊಂಡು, ಗೋಡೆಯಲ್ಲಿ ಎಲ್ಲಾದರೂ ಬಿರುಕಿದೆಯೇ ಎಂದು ಹುಡುಕಿದಳು.

ಗಂಡ ಆಗಲೇ ಬಂದು ಅಡುಗೆಮನೆಯ ಬಾಗಿಲಲ್ಲಿ ಕೂತಿದ್ದ. ಮಗಳು ಅಂಗಳದಲ್ಲಿ ಒದ್ದೆ ಮರಳನ್ನು ಲೋಟಕ್ಕೆ ತುಂಬಿ ಕಡ್ಡಿಯಲ್ಲಿ ಕುಟ್ಟುತ್ತಿದ್ದಳು. ಅತ್ತೆ ತರಕಾರಿ ಹೆಚ್ಚುತ್ತಿದ್ದರು.

"ಎಷ್ಟು ಕಂಬಕ್ಕೆ?" ಅವಳು ಕೇಳಿದಳು.

"ನೋಡು, ದಾರೀಲಿ ಗಾಡಿಗಳ ನಡುವೆ ಸಿಕ್ಕಿಹಾಕ್ಕೊಂಡ್ರೆ ಮಾಲು ಗಟ್ಟಿಯಾಗುತ್ತೆ. ಡ್ರಮ್ಮಿನಲ್ಲೇ ಕಚ್ಚಿಕೊಂಡ್ರೆ ಒಳಗೆ ನುಗ್ಗಿ ಸುತ್ತಿಗೇಲಿ ಒಡೆಯೋನು ನಾನು. ಆ ಬಿಸಿಲಲ್ಲಿ ಒಂದ್ಸಲ ಒಳಗೆ ಕೂತು ನೋಡು, ಗೊತ್ತಾಗುತ್ತೆ."

"ಸಡಿಲ ಮಾಡೋಕೆ ಕೆಮಿಕಲ್ ಇದೆ. ನೀರು ಯಾಕೆ?"

"ಕೆಮಿಕಲ್ ಕ್ಯಾನಿಗೆ ಬೀಗ ಹಾಕಿಟ್ಟಿರ್ತಾರೆ, ನೀರಿಗೆ ಬೀಗ ಇಲ್ಲ. ಕೇಳಿದ್ರೆ, ಹೇಗೋ ನಿಭಾಯಿಸು ಅಂತಾರೆ. ಎಲ್ಲಾ ಡ್ರೈವರೂ ನಿಭಾಯಿಸ್ತಾರೆ. ನಾನೊಬ್ಬನೇನಾ?"

ಅವನು ಹೇಳಿದ್ದು ಸುಳ್ಳಲ್ಲ, ಅದು ಅವಳಿಗೂ ಗೊತ್ತು. ಅದಕ್ಕೇ ಇನ್ನಷ್ಟು ಸಿಟ್ಟು ಬಂತು. "ಬೇರೆ ಡ್ರೈವರುಗಳು ನನ್ನ ಕೈಯಡುಗೆ ಊಟ ಮಾಡಲ್ಲ. ಒಂಬತ್ತು ವರ್ಷ ನನ್ನ ಎದುರಿಗೆ ಕೂತು, ಇವತ್ತು ನೂರು ಬಂತು, ಇವತ್ತು ನೂರೈದು ಬಂತು ಅಂತ ನಾನು ಹೇಳೋದನ್ನ ಕೇಳಿಸಿಕೊಂಡು, ಹೂಂ ಅಂತಿದ್ರಲ್ಲ. ಹೇಗೆ ಅಂತಿದ್ರಿ? ನಗು ಬರ್ತಿರಲಿಲ್ವಾ?"

"ನಗು ಎಲ್ಲಿಂದ ಬರುತ್ತೆ?" ಅವನು ನೆಲ ನೋಡುತ್ತಾ ಹೇಳಿದ. "ನಿನಗೆ ಹೇಳಿದ್ರೆ ನೀನು ಸುಮ್ನಿರಲ್ಲ ಅಂತ ಗೊತ್ತಿತ್ತು. ನೀನು ಸುಮ್ನಿರದೇ ಹೋದ್ರೆ ಇಬ್ಬರ ಕೆಲಸಾನೂ ಹೋಗುತ್ತೆ ಅಂತಾನೂ ಗೊತ್ತಿತ್ತು."

"ಎಷ್ಟು ಕಂಬಕ್ಕೆ?"

ಅತ್ತೆ ಹೆಚ್ಚುವುದನ್ನು ನಿಲ್ಲಿಸಿದ್ದರು. "ಬಾಣಂತಿಯರು ಮಲಗೋ ಕಟ್ಟಡ ಅಲ್ವೇನೋ ಅದು?" ಎಂದರು ಮಗನಿಗೆ. ಅವನು ಎದ್ದು ಅಂಗಳಕ್ಕೆ ಹೋದ. ಅವಳು ಅವನಿಗೆ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದಳು: "ನಾಳೆ ಹತ್ತು ಗಂಟೆಗೆ ಇಂಜಿನಿಯರ್ ರೂಮಿಗೆ ಹೋಗ್ತೀನಿ. ಬರೋದಾದ್ರೆ ಬನ್ನಿ." ಅವನು ತಿರುಗಿ ನೋಡಲಿಲ್ಲ.

ಇಂಜಿನಿಯರನ ರೂಮೆಂದರೆ ತಗಡಿನ ಪೆಟ್ಟಿಗೆ. ಒಂದು ಮೇಜು, ಒಂದು ಫ್ಯಾನು, ಗೋಡೆಗೆ ಅಂಟಿಸಿದ ನಕ್ಷೆ. ಇಂಜಿನಿಯರ್ ಚಿಕ್ಕ ವಯಸ್ಸಿನವನು, ಕೆಟ್ಟವನೂ ಅಲ್ಲ. ಕೆಲಸ ತಡವಾದರೆ ಮೇಲಿನವರಿಂದ ಬೈಸಿಕೊಳ್ಳಲು ಹೆದರುವವನು, ಅಷ್ಟೇ. ಮೇಸ್ತ್ರಿ ಅವಳಿಗಿಂತ ಮುಂಚೆಯೇ ಬಂದು ಮೇಜಿನ ಪಕ್ಕ ನಿಂತಿದ್ದ. ಉಪ್ಪು ಖಾರ ಹಚ್ಚಿ ಹೇಳುವುದನ್ನೆಲ್ಲ ಹೇಳಿಯಾಗಿತ್ತು ಎಂದು ಅವನ ನಿಲುವಿನಲ್ಲೇ ಗೊತ್ತಾಗುತ್ತಿತ್ತು.

"ಇಪ್ಪತ್ತನಾಲ್ಕು ಕಂಬಕ್ಕೂ ತೂತು ಕೊರೆದು ಒಳಗಿನ ತುಂಡು ತೆಗೆದು ಪರೀಕ್ಷೆ ಮಾಡಿಸಿ ಸಾರ್," ಎಂದಳು. "ಅಲ್ಲಿ ತನಕ ಚಾವಣಿ ಹಾಕಬೇಡಿ."

"ನಿನ್ನೆ ಒಂದಿನ ಸ್ವಲ್ಪ ಹೆಚ್ಚುಕಮ್ಮಿ ಆಯ್ತು ಸಾರ್," ಎಂದ ಮೇಸ್ತ್ರಿ. "ಅದನ್ನೂ ವಾಪಸ್ ಕಳಿಸಿದ್ದಾಯ್ತು. ಮುಂಚೆ ಯಾವತ್ತೂ ಹಾಗಾಗಿಲ್ಲ."

"ನಿನ್ನೆ ನೀನೇ ಹೇಳಿದ್ಯಲ್ಲ, ಯಾವಾಗ್ಲೂ ಹಾಕ್ತೀವಿ ಅಂತ."

"ನಾನಾ? ನಾನ್ಯಾಕೆ ಹೇಳ್ಲಿ ಅಕ್ಕಾ?" ಎಷ್ಟು ನಯವಾಗಿ ಜಾರಿಕೊಂಡ ನೋಡಿ. ನಿನ್ನೆ ಹೊಗಳಿದ ಬಾಯಿ ಅದೇ.

ಇಂಜಿನಿಯರ್ ಪುಸ್ತಕ ಬಿಡಿಸಿ ಅವಳ ಕಡೆ ತಿರುಗಿಸಿದ. "ನೋಡಿಯಮ್ಮ. ಒಂದನೇ ಕಂಬ, ನೂರೈದು, ಪಾಸು, ನಿಮ್ಮ ಸಹಿ. ಎರಡನೇದು, ನಿಮ್ಮ ಸಹಿ. ಇಪ್ಪತ್ತನಾಲ್ಕಕ್ಕೂ ನಿಮ್ಮದೇ. ಕ್ಯೂಬೂ ಪಾಸು. ಕಂಬ ಸರಿ ಇದೆ ಅಂತ ಹೇಳ್ತಿರೋದು ನಾನಲ್ಲ, ನೀವು. ಈಗ ನೀವೇ ಬಂದು ಕೊರೀರಿ ಅಂದ್ರೆ ನಾನು ಮೇಲಿನವರಿಗೆ ಏನಂತ ಬರೀಲಿ?"

"ನನ್ನ ಸಹಿ ಸುಳ್ಳು ಅಂತ ಬರೀರಿ."

"ನೀರು ಹಾಕಿದ್ದನ್ನ ನೀವು ಕಣ್ಣಾರೆ ನೋಡಿದ್ರಾ? ಆ ಇಪ್ಪತ್ತನಾಲ್ಕಕ್ಕೆ?"

ಅವಳು ನೋಡಿರಲಿಲ್ಲ, ಡಬ್ಬಿ ತೊಳೆಯುತ್ತಿದ್ದಳು. ಎಂಥ ಅನ್ಯಾಯ ನೋಡಿ: ಅವಳು ಕಳ್ಳಿಯಾಗಿ ಪಕ್ಕದಲ್ಲೇ ನಿಂತು ನೋಡಿದ್ದಿದ್ದರೆ ಈಗ ಅವಳ ಮಾತಿಗೆ ಬೆಲೆಯಿರುತ್ತಿತ್ತು, ಪ್ರಾಮಾಣಿಕಳಾಗಿದ್ದಕ್ಕೆ ಇಲ್ಲ. ಅವಳ ಸಹಿಯೇ ಅವಳ ಬಾಯಿ ಮುಚ್ಚಿಸುತ್ತಿತ್ತು. ಮೇಸ್ತ್ರಿ ಮೀಸೆಯ ಮೇಲೆ ಕೈಯಾಡಿಸಿಕೊಂಡ.

"ನೋಡಿಲ್ಲ," ಎಂದಳು. "ಆದ್ರೂ ನಾನು ಈ ಸಹಿಗಳನ್ನ ಹೊಡೆದು ಹಾಕ್ತೀನಿ. ನನ್ನ ಸಹಿ ಇಲ್ದೆ ಚಾವಣಿ ಹಾಕೋಕೆ ನಿಮಗೆ ಬರಲ್ಲ."

"ಹಾಗೆ ಹೊಡೆದು ಹಾಕಿದ್ರೆ ನಾಳೆಯಿಂದ ನಿಮ್ಮನ್ನ ಯಾವ ಕಟ್ಟಡಕ್ಕೂ ಕರೆಯಲ್ಲ. ಕಾರಣ ಇಲ್ದೆ ಪುಸ್ತಕ ತಿದ್ದಿದವಳು ಅಂತಾರೆ," ಎಂದ ಇಂಜಿನಿಯರ್. ಹೆದರಿಸಲೆಂದು ಹೇಳಿದ್ದಲ್ಲ. ಅವನ ದನಿಯಲ್ಲಿ ಕನಿಕರವೇ ಇತ್ತು, ಅದು ಇನ್ನೂ ಚುಚ್ಚಿತು. "ನೋಡಿದೋರು ಒಬ್ಬರಾದ್ರೂ ಹೇಳ್ಬೇಕಮ್ಮ."

ಆಗ ಬಾಗಿಲಿಗೆ ಯಾರೋ ಅಡ್ಡ ನಿಂತಂತಾಗಿ ಬೆಳಕು ಕಡಿಮೆಯಾಯಿತು. ಗಂಡ. ಕೆಲಸದ ಬಟ್ಟೆಯಲ್ಲಿರಲಿಲ್ಲ, ಮನೆಯ ಅಂಗಿಯಲ್ಲಿ ಬಂದಿದ್ದ. ಗಾಡಿಯ ಕೀಲಿಯನ್ನು ಬೆಳಿಗ್ಗೆಯೇ ಕಾಂಕ್ರೀಟಿನ ಕಾರ್ಖಾನೆಗೆ ಒಪ್ಪಿಸಿ ಬಂದಿದ್ದಾನೆ ಎಂದು ಅವಳಿಗೆ ಆಮೇಲೆ ಗೊತ್ತಾಯಿತು. ಹೆಂಡತಿಯ ಮುಖ ನೋಡಲಿಲ್ಲ. ಒಳಗೆ ಬಂದು ಮೇಜಿನ ಮುಂದೆ ಕೈಕಟ್ಟಿ ನಿಂತ, ಮೊದಲ ಸಲ ಅವಳು ಅಳೆಯುವಾಗ ನಿಂತ ಹಾಗೆಯೇ.

"ಆ ಇಪ್ಪತ್ತನಾಲ್ಕು ಕಂಬದ ನಾಲ್ಕು ಲೋಡೂ ನಂದೇ ಸಾರ್," ಎಂದ. "ನೀರು ಹಾಕಿದ್ದು ನಾನು. ಕೈ ತೋರಿಸಿದ್ದು ಇವನು."

ಮೇಸ್ತ್ರಿಯ ಕೈ ಮೀಸೆಯಿಂದ ಕೆಳಗಿಳಿಯಿತು. ಇಂಜಿನಿಯರ್ ಪೆನ್ನಿನ ಮುಚ್ಚಳ ತೆಗೆದು ಕೇಳಿದ, "ಸರಿಯಾಗಿ ನೆನಪು ಮಾಡ್ಕೊಂಡು ಹೇಳಪ್ಪ. ಯಾವ್ಯಾವ ಕಂಬಕ್ಕೆ?"

ಅವನು ಪುಸ್ತಕದ ಮೇಲೆ ಬಗ್ಗಿ, ಸಾಲುಗಳನ್ನು ಮೇಲಿಂದ ಕೆಳಗಿನ ತನಕ ನೋಡಿದ.

"ಇವಳು ಸಹಿ ಹಾಕಿರೋದಕ್ಕೆಲ್ಲ ಸಾರ್. ಒಂದನ್ನೂ ಬಿಟ್ಟಿಲ್ಲ."

ಅವಳು ಇಂಜಿನಿಯರನ ಕೈಯಿಂದ ಪೆನ್ನು ತೆಗೆದುಕೊಂಡಳು. ಮೊದಲ ಸಾಲಿನ ಸಹಿಯ ಮೇಲೆ ಗೆರೆ ಎಳೆದು, "ಒಂದು," ಎಂದಳು. ಇಪ್ಪತ್ತನಾಲ್ಕು ಮುಗಿಯುವ ತನಕ ಯಾರೂ ಅವಳನ್ನು ಮಾತಾಡಿಸಲಿಲ್ಲ.